ಕಬ್ಬು, ಬೀಡಿ, ಹಿನ್ನೀರು: ಸ್ವಾತಂತ್ರ್ಯಕ್ಕೆ ಗೆರೆ ಎಳೆಯುವುದು ಎಲ್ಲಿ?

ಮುಧೋಳದ ಕಡೆ ಒಬ್ಬ ರೈತರ ನಾಲ್ಕು ಎಕರೆ ಕಬ್ಬು ಕಟಾವಿಗೆ ಬಂದಿದೆ ಅಂದುಕೊಳ್ಳಿ. ಸೂಲಂಗಿ, ಅಂದರೆ ಕಬ್ಬಿನ ಹೂ, ಒಡೆದಿದೆ. ಇನ್ನು ಹೊಲದಲ್ಲಿ ನಿಂತಷ್ಟು ದಿನ ತೂಕ ಇಳಿಯುತ್ತಲೇ ಹೋಗುತ್ತದೆ. ಹತ್ತಿರದ ಕಾರ್ಖಾನೆಯ ಕಟಾವು ಗ್ಯಾಂಗ್‌ನವರು ಇವತ್ತು, ನಾಳೆ ಅಂತ ದಿನ ದೂಡುತ್ತಿದ್ದಾರೆ. ಬಂದರೂ ಲಗಾಣಿ, ಅಂದರೆ ಕೂಲಿಯ ಮೇಲೆ ಕೇಳುವ ಹೆಚ್ಚಿನ ಹಣ, ಕೊಡದೆ ಕಬ್ಬಿಗೆ ಕೈ ಹಚ್ಚುವುದಿಲ್ಲ. ಸ್ವಲ್ಪ ದೂರದ ಇನ್ನೊಂದು ಕಾರ್ಖಾನೆ ಟನ್ನಿಗೆ ನೂರು ರೂಪಾಯಿ ಜಾಸ್ತಿ ಕೊಡಲು ತಯಾರಿದೆ. ಹೊಲ ಅವರದು, ಬೆಳೆ ಅವರದು. ಆ ದೂರದ ಕಾರ್ಖಾನೆಗೆ ಅವರು ಕಬ್ಬು ಕಳಿಸಬಹುದಾ?

ಧಾರಾಳವಾಗಿ ಕಳಿಸಬಹುದು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ 1966ರ ಕಬ್ಬು ನಿಯಂತ್ರಣ ಆದೇಶ ಸರ್ಕಾರಕ್ಕೆ ಒಂದು ಅಧಿಕಾರ ಕೊಟ್ಟಿದೆ. ಇಂತಿಂಥ ಊರುಗಳ ಕಬ್ಬು ಇಂಥ ಕಾರ್ಖಾನೆಗೇ ಹೋಗಬೇಕು ಅಂತ ಪ್ರದೇಶ ಮೀಸಲಿಡಬಹುದು. ಹಾಗೆ ಮೀಸಲಿಟ್ಟ ಮೇಲೆ ರೈತರು ತಮಗೆ ಬೇಕಾದಲ್ಲಿ ಮಾರುವ ಹಾಗಿಲ್ಲ.

ವ್ಯಕ್ತಿಯ ಸ್ವಾತಂತ್ರ್ಯ ದೊಡ್ಡದೋ, ಸಮಾಜದ ಶಿಸ್ತು ಮತ್ತು ಏಳಿಗೆ ದೊಡ್ಡದೋ ಎಂಬ ಪ್ರಶ್ನೆ ನಮ್ಮ ಬದುಕಿಗೆ ಬರುವುದು ಹೀಗೆ. ಕಬ್ಬಿನ ಬಿಲ್ಲಿನ ರೂಪದಲ್ಲಿ ಬರುತ್ತದೆ. ಭೂಸ್ವಾಧೀನದ ನೋಟಿಸಿನ ರೂಪದಲ್ಲಿ, ನಿಷೇಧಾಜ್ಞೆಯ ರೂಪದಲ್ಲಿ ಬರುತ್ತದೆ. ಆದ್ದರಿಂದ ಅದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ನೆಲದ ಮೇಲೆ ನಿಂತೇ ನೋಡೋಣ.

ಮೊದಲೇ ನನ್ನ ಮಾತು ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಎಷ್ಟಿರಬೇಕು, ಶಿಸ್ತು ಎಷ್ಟಿರಬೇಕು ಅಂತ ಕೇಳುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಒಬ್ಬರ ಕೈ ಕಟ್ಟುವ ಮೊದಲು ಎರಡು ವಿಷಯ ಕೇಳಬೇಕು. ಇದಕ್ಕಿಂತ ಕಡಿಮೆ ಕಟ್ಟಿದ್ದರೆ ಕೆಲಸ ಆಗುತ್ತಿರಲಿಲ್ಲವೇ? ಕೈ ಕಟ್ಟಿಸಿಕೊಂಡವರಿಗೆ ಬದಲಿಗೆ ಏನು ಸಿಕ್ಕಿತು? ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ.

ಸಂವಿಧಾನ ಏನು ಹೇಳುತ್ತದೆ

ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಆರು ಸ್ವಾತಂತ್ರ್ಯ ಕೊಟ್ಟಿದೆ. ಮಾತಾಡುವುದು, ಆಯುಧವಿಲ್ಲದೆ ಶಾಂತವಾಗಿ ಸೇರುವುದು, ಸಂಘ ಕಟ್ಟುವುದು, ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವುದು, ಎಲ್ಲಿ ಬೇಕಾದರೂ ನೆಲೆಸುವುದು, ಬೇಕಾದ ಉದ್ಯೋಗ ಮಾಡುವುದು. ಮೊದಲು ಏಳು ಇದ್ದವು. ಆಸ್ತಿಯ ಹಕ್ಕನ್ನು 1978ರ 44ನೇ ತಿದ್ದುಪಡಿ ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಸೇರಿಸಿತು. ಈಗ ಅದು ಮೂಲಭೂತ ಹಕ್ಕಲ್ಲ. ಆದರೂ ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಈ ಬದಲಾವಣೆ ಹಿನ್ನೀರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕೊಟ್ಟ ಕೈಯೇ ಮಿತಿಯನ್ನೂ ಹಾಕಿದೆ. ಸಾರ್ವಜನಿಕ ಹಿತಕ್ಕಾಗಿ ಈ ಸ್ವಾತಂತ್ರ್ಯಗಳ ಮೇಲೆ ‘ಸಮಂಜಸ’ ನಿರ್ಬಂಧ ಹೇರಬಹುದು. ಮಾತಿನ ಸ್ವಾತಂತ್ರ್ಯದ ವಿಷಯದಲ್ಲಿ ಸಮಂಜಸ ಎಂಬ ಷರತ್ತೂ, ಸಾರ್ವಜನಿಕ ಸುವ್ಯವಸ್ಥೆ ಎಂಬ ಕಾರಣವೂ ಮೂಲ ಸಂವಿಧಾನದಲ್ಲಿ ಇರಲಿಲ್ಲ. 1951ರ ಮೊದಲ ತಿದ್ದುಪಡಿಯಲ್ಲಿ ಎರಡೂ ಒಟ್ಟಿಗೇ ಬಂದವು. ಸರ್ಕಾರಕ್ಕೆ ಹೊಸ ಅಧಿಕಾರ ಸಿಕ್ಕ ದಿನವೇ ಅದಕ್ಕೆ ಲಗಾಮೂ ಬಿತ್ತು.

ಸಮಂಜಸ ಅಂದರೆ ಎಷ್ಟು? ಇದನ್ನು ಒಂದು ಬೀಡಿ ಕೇಸು ತುಂಬಾ ಚೆನ್ನಾಗಿ ತಿಳಿಸುತ್ತದೆ.

ಬೀಡಿ ಸುತ್ತುವವರ ಮೂರು ತಿಂಗಳು

ನಿಪ್ಪಾಣಿ ಕಡೆಯವರಿಗೆ ಬೀಡಿ ಕೆಲಸ ಗೊತ್ತೇ ಇದೆ. ಹೆಣ್ಣುಮಕ್ಕಳು ಎಲೆ, ತಂಬಾಕು ಮನೆಗೆ ತರುತ್ತಾರೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ ಸುತ್ತಿ, ದಾರ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಅಡುಗೆ, ಮಕ್ಕಳು, ಮನೆಯ ಹಿರಿಯರ ಆರೈಕೆ ಇವುಗಳ ನಡುವೆ ಕೂತಲ್ಲೇ ಮಾಡಬಹುದಾದ ಕೆಲಸ ಇದು. ಹೊಲಕ್ಕೆ ಹೋಗಲಾರದ ಮುದುಕಿಯೂ ಮಾಡಬಹುದು.

ಇಂಥದ್ದೇ ಕೆಲಸ ಇಂದಿನ ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲೂ ಇತ್ತು. ದೇಶಕ್ಕೆ ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು, ಆಹಾರದ ಕೊರತೆ ಕಾಡುತ್ತಿತ್ತು. ಬಿತ್ತನೆಯ ಕಾಲದಲ್ಲಿ ಆಳುಗಳೆಲ್ಲ ಬೀಡಿಗೆ ಹೋದರೆ ಹೊಲದ ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ ಅಲ್ಲಿ 1948ರಲ್ಲಿ ಒಂದು ಕಾನೂನು ಬಂತು. ಅದರಡಿ ಜಿಲ್ಲಾಧಿಕಾರಿ 1950ರ ಜೂನ್‌ನಲ್ಲಿ ಆದೇಶ ಹೊರಡಿಸಿದರು. ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ಇಂತಿಂಥ ಹಳ್ಳಿಗಳಲ್ಲಿ ಯಾರೂ ಬೀಡಿ ಕೆಲಸ ಮಾಡುವಂತಿಲ್ಲ.

ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಜನ ಹಸಿದಿದ್ದಾಗ ಬೆಳೆ ಬೆಳೆಯಬೇಕು ಅನ್ನುವುದರಲ್ಲಿ ತಪ್ಪೇನು? ಆದರೂ ಅದೇ ವರ್ಷದ ನವೆಂಬರ್‌ನಲ್ಲಿ ಚಿಂತಾಮನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ನಿಲ್ಲುವುದಿಲ್ಲ ಎಂದಿತು. ಹೊಲದಲ್ಲಿ ದುಡಿಯಬಲ್ಲವರನ್ನು ಮಾತ್ರ ಅದು ತಡೆದಿರಲಿಲ್ಲ. ಕೈಲಾಗದವರು, ಅಂಗವಿಕಲರು, ವಯಸ್ಸಾದ ಹೆಂಗಸರು, ಹೊಲದ ಕೆಲಸ ಇಲ್ಲದೆ ಕೂತವರು, ಹೀಗೆ ಎಲ್ಲರ ಕೈಯನ್ನೂ ಅದು ಕಟ್ಟಿಹಾಕಿತ್ತು. ಕೃಷಿ ಕೂಲಿಗಳು ಬಿತ್ತನೆ ಕಾಲದಲ್ಲಿ ಬೀಡಿಗೆ ಹೋಗಬಾರದು ಅಂತಲೋ, ದಿನದಲ್ಲಿ ಇಷ್ಟು ಹೊತ್ತು ಮಾತ್ರ ಬೀಡಿ ಕೆಲಸ ಅಂತಲೋ ಮಾಡಿದ್ದರೂ ಉದ್ದೇಶ ಈಡೇರುತ್ತಿತ್ತು. ಸಂವಿಧಾನ ಜಾರಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ, ನೋಡಿ. ಒಳ್ಳೆಯ ಉದ್ದೇಶ ಒಂದೇ ಸಾಲದು ಎಂಬ ಪಾಠ ಆಗಲೇ ಬಂದಿತ್ತು.

ಮುಂದೆ 2016ರ ಮಾಡರ್ನ್ ಡೆಂಟಲ್ ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪಾಠವನ್ನು ಒಂದು ಸ್ಪಷ್ಟ ಪರೀಕ್ಷೆಯಾಗಿ ಕಟ್ಟಿತು. ನಿರ್ಬಂಧದ ಉದ್ದೇಶ ಸರಿಯಾದದ್ದಾ? ಈ ನಿರ್ಬಂಧದಿಂದ ಆ ಉದ್ದೇಶ ನಿಜವಾಗಿ ಈಡೇರುತ್ತದಾ? ಇದಕ್ಕಿಂತ ಹಗುರವಾದ ದಾರಿ ಇತ್ತಾ? ಕೊನೆಗೆ, ಸಮಾಜಕ್ಕೆ ಆಗುವ ಲಾಭಕ್ಕೂ ಆ ವ್ಯಕ್ತಿಗೆ ಆಗುವ ನಷ್ಟಕ್ಕೂ ತಾಳೆ ಆಗುತ್ತದಾ? ಬೀಡಿ ಆದೇಶ ಬಿದ್ದದ್ದು ಮೂರನೆಯದರಲ್ಲಿ. ನಮ್ಮ ಕಡೆಯ ದೊಡ್ಡ ಜಗಳಗಳೆಲ್ಲ ನಿಂತಿರುವುದು ನಾಲ್ಕನೆಯದರ ಮೇಲೆ.

ಗದ್ದಲ ಬೇರೆ, ಅವ್ಯವಸ್ಥೆ ಬೇರೆ

ಏಳಿಗೆಯ ಹೆಸರಿನಲ್ಲಿ ಬರುವ ನಿರ್ಬಂಧ ಒಂದು ಬಗೆ. ಶಾಂತಿಯ ಹೆಸರಿನಲ್ಲಿ ಬರುವುದು ಇನ್ನೊಂದು. 1965ರಲ್ಲಿ ರಾಮಮನೋಹರ ಲೋಹಿಯಾ ಅವರ ಬಂಧನದ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಇದನ್ನು ಒಂದರೊಳಗೊಂದು ಇರುವ ಮೂರು ವೃತ್ತಗಳಾಗಿ ವಿವರಿಸಿದರು. ಹೊರಗಿನ ದೊಡ್ಡ ವೃತ್ತ ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕಿಂತ ಒಳಗಿನ ಚಿಕ್ಕ ವೃತ್ತ ದೇಶದ ಭದ್ರತೆ. ಇಬ್ಬರು ಕುಡಿದು ಬೀದಿಯಲ್ಲಿ ಹೊಡೆದಾಡಿದರೆ ಮೊದಲನೆಯದಕ್ಕೆ ಧಕ್ಕೆ, ಎರಡನೆಯದಕ್ಕೆ ಅಲ್ಲ. ಇಡೀ ಊರಿನ ಬದುಕು ಅಲ್ಲಾಡಿದಾಗ ಮಾತ್ರ ಸಾರ್ವಜನಿಕ ಸುವ್ಯವಸ್ಥೆಯ ಮಾತು ಬರುತ್ತದೆ. ಸಣ್ಣ ಗದ್ದಲಕ್ಕೆ ದೊಡ್ಡ ಅಸ್ತ್ರ ಬಿಡಬಾರದು ಅನ್ನುವುದಕ್ಕೆ ಇದೇ ಆಧಾರ.

ನಿಷೇಧಾಜ್ಞೆಯನ್ನು ನಾವೆಲ್ಲ ಈಗಲೂ 144 ಅಂತಲೇ ಕರೆಯುತ್ತೇವೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಒಂದು ಆದೇಶದ ಆಯುಷ್ಯ ಎರಡು ತಿಂಗಳು. ರಾಜ್ಯ ಸರ್ಕಾರ ಬೇಕಿದ್ದರೆ ಅದನ್ನು ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು. 2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮುಖ್ಯ ಮಾತು ಹೇಳಿತು. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು. ನ್ಯಾಯವಾದ ಅಭಿಪ್ರಾಯವನ್ನು ಹತ್ತಿಕ್ಕುವುದಕ್ಕೆ ಅವುಗಳನ್ನು ಮೇಲಿಂದ ಮೇಲೆ ಹೊರಡಿಸುವಂತಿಲ್ಲ.

ಬೆಳಗಾವಿಯವರಿಗೆ ಪ್ರತಿ ಚಳಿಗಾಲ ಇದರ ಅನುಭವ ಆಗುತ್ತದೆ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದರೆ ಸಾಕು, ಕೊಂಡಸಕೊಪ್ಪದ ಹತ್ತಿರ ಪ್ರತಿಭಟನೆಯ ಟೆಂಟುಗಳು ಏಳುತ್ತವೆ. ಜಾಗ ಗೊತ್ತು ಮಾಡುವುದು ಸರ್ಕಾರದ ಅಧಿಕಾರ. ಅದು ಸರಿಯೇ, ಆಂಬ್ಯುಲೆನ್ಸಿಗೆ ದಾರಿ ಬೇಕು. ಆದರೆ ಬೀದಿಯಲ್ಲಿ ಸಭೆ ಸೇರುವುದಕ್ಕೆ ನಿಯಮ ಮಾಡಬಹುದೇ ಹೊರತು, ಅದನ್ನು ಪೂರ್ತಿ ಪೊಲೀಸರ ಇಷ್ಟಕ್ಕೆ ಬಿಡುವಂತಿಲ್ಲ ಅಂತ 1972ರಲ್ಲೇ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ತೀರ್ಮಾನ ಆಗಿದೆ. ನನ್ನ ಪ್ರಕಾರ ಜಾಗ ಕೊಟ್ಟರೆ ಮುಗಿಯಲಿಲ್ಲ. ಅಲ್ಲಿ ಆಡಿದ ಮಾತು ಒಳಗೆ ಕೂತವರ ಕಿವಿಗೆ ಬೀಳುವಷ್ಟು ಹತ್ತಿರ ಆ ಜಾಗ ಇರಬೇಕು.

ಮಾತು ಕೇಳುವವರೇ ಇಲ್ಲದಿದ್ದಾಗ ಏನಾಗುತ್ತದೆ ಅನ್ನುವುದಕ್ಕೂ ನಿಪ್ಪಾಣಿಯೇ ಸಾಕ್ಷಿ. 1981ರಲ್ಲಿ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆ ಕೇಳಿ ಹೆದ್ದಾರಿಯ ಮೇಲೆ ಕೂತರು. ಪೊಲೀಸರ ಗುಂಡಿಗೆ ರೈತರು ಸತ್ತರು. ರಸ್ತೆ ತೆರವಾಯಿತು, ನಿಜ. ಅದನ್ನು ಸುವ್ಯವಸ್ಥೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಬ್ಬಿನ ಮೀಸಲು: ಎರಡು ಕೈ ಕಟ್ಟುವ ಒಪ್ಪಂದ

ಈಗ ಮುಧೋಳದ ಹೊಲಕ್ಕೆ ಮರಳೋಣ. ಪ್ರದೇಶ ಮೀಸಲಿಡುವುದು ಕೇಳಲು ಅನ್ಯಾಯ ಅನ್ನಿಸುತ್ತದೆ. ಆದರೆ ಅದರ ಹಿಂದೆ ಕಬ್ಬಿನ ಗುಣವೇ ಇದೆ. ಕಡಿದ ಕಬ್ಬನ್ನು ಜೋಳದ ಹಾಗೆ ಚೀಲ ತುಂಬಿ ಇಡುವಂತಿಲ್ಲ. ಕಡಿದ ಗಳಿಗೆಯಿಂದ ಅದರೊಳಗಿನ ಸಕ್ಕರೆ ಇಳಿಯಲು ಶುರು. ಬೇಗ ಅರೆಯಬೇಕು. ಕಾರ್ಖಾನೆಯ ಕಷ್ಟವೂ ಅಂಥದ್ದೇ. ನೂರಾರು ಕೋಟಿ ಹೂಡಿದ ಯಂತ್ರ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ತಿರುಗುತ್ತದೆ. ಆ ತಿಂಗಳುಗಳಲ್ಲಿ ಹಗಲು ರಾತ್ರಿ ಕಬ್ಬು ಬರುತ್ತಲೇ ಇರಬೇಕು. ಹೊಲ ಮತ್ತು ಕಾರ್ಖಾನೆ ಒಂದನ್ನೊಂದು ಬಿಟ್ಟು ಬದುಕುವುದು ಕಷ್ಟ.

ಹೀಗಾಗಿ 1966ರ ಆದೇಶ ಇಬ್ಬರ ಕೈಯನ್ನೂ ಕಟ್ಟಿತು. ರೈತರು ಗೊತ್ತು ಮಾಡಿದ ಕಾರ್ಖಾನೆಗೆ ಕಬ್ಬು ಕೊಡಬೇಕು. ಕಾರ್ಖಾನೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಬೆಲೆಗಿಂತ ಕಡಿಮೆ ಕೊಡುವಂತಿಲ್ಲ. ಕಬ್ಬು ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಈ ಕನಿಷ್ಠ ಬೆಲೆಗೇ 2009ರಿಂದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಅನ್ನುವುದು. 2025–26ರ ಹಂಗಾಮಿಗೆ ಶೇ 10.25 ರಿಕವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಕ್ವಿಂಟಲ್‌ಗೆ 355 ರೂಪಾಯಿ. ಅಂದರೆ ಟನ್ನಿಗೆ 3,550. ಕಟಾವು ಮತ್ತು ಸಾಗಣೆಯ ಖರ್ಚು ಕಳೆದ ಮೇಲೆ ರೈತರ ಕೈಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ.

ಕಾಗದದ ಮೇಲೆ ಇದು ನ್ಯಾಯವಾದ ಕೊಡುಕೊಳ್ಳುವಿಕೆ. ರೈತರು ಆಯ್ಕೆ ಬಿಟ್ಟುಕೊಟ್ಟು ಬೆಲೆಯ ಭರವಸೆ ಪಡೆದರು. ತೊಂದರೆ ಇರುವುದು ಒಂದು ಗಂಟು ಬಿಗಿಯಾಗಿದ್ದು ಇನ್ನೊಂದು ಸಡಿಲವಾಗಿರುವುದರಲ್ಲಿ. ರೈತರ ಕಬ್ಬು ಹೊಲದಲ್ಲಿ ಒಣಗುತ್ತದೆ, ಆದ್ದರಿಂದ ಅವರು ನಿಯಮ ಮುರಿಯಲಾರರು. ಬಿಲ್ ತಿಂಗಳುಗಟ್ಟಲೆ ತಡವಾದರೆ ಶೇ 15ರ ಬಡ್ಡಿ ಕೇಳಿ ಪಡೆದ ರೈತರು ನಿಮಗೆ ಎಷ್ಟು ಜನ ಗೊತ್ತು? ತೂಕದ ಕಾಟಾ ಕಾರ್ಖಾನೆಯದು. ರಿಕವರಿ ಲೆಕ್ಕ ಹಾಕುವವರೂ ಕಾರ್ಖಾನೆಯವರೇ. 2006ರಲ್ಲಿ ಇನ್ನೊಂದು ನಿಯಮವೂ ಸೇರಿತು. ಇರುವ ಕಾರ್ಖಾನೆಯಿಂದ 15 ಕಿಲೋಮೀಟರ್ ಒಳಗೆ ಹೊಸ ಕಾರ್ಖಾನೆ ಕಟ್ಟುವಂತಿಲ್ಲ. ಇದು ಹೊಸ ಉದ್ಯಮಿಯ ಸ್ವಾತಂತ್ರ್ಯಕ್ಕೂ ಮಿತಿ, ರೈತರಿಗೆ ಸಿಗಬಹುದಾಗಿದ್ದ ಪೈಪೋಟಿಯ ಬೆಲೆಗೂ ಮಿತಿ.

2012ರಲ್ಲಿ ಸಿ. ರಂಗರಾಜನ್ ಸಮಿತಿ ಇದನ್ನೆಲ್ಲ ಕೂತು ನೋಡಿತು. ಪ್ರದೇಶ ಮೀಸಲು ಮತ್ತು ಅಂತರದ ನಿಯಮ ಎರಡನ್ನೂ ಹಂತಹಂತವಾಗಿ ಕೈಬಿಡಬೇಕು, ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದಲ್ಲಿ ಶೇ 70ರಷ್ಟು ರೈತರಿಗೆ ಸೇರಬೇಕು ಅಂತ ಸಲಹೆ ಕೊಟ್ಟಿತು. ನನಗೆ ಇದು ಒಪ್ಪಿಗೆ. ಆದರೆ ಮೊದಲು ರೈತರ ಕಡೆಯ ಭರವಸೆ ಗಟ್ಟಿಯಾಗಬೇಕು, ಆಮೇಲೆ ಮೀಸಲು ಹೋಗಬೇಕು. ಬರೀ ಮೀಸಲು ತೆಗೆದು ಬೆಲೆಯ ರಕ್ಷಣೆಯನ್ನೂ ಬಿಟ್ಟರೆ, ಒಣಗುವ ಬೆಳೆ ಹಿಡಿದು ಬಾಗಿಲು ಬಾಗಿಲು ಅಲೆಯುವ ಸ್ವಾತಂತ್ರ್ಯ ಸಿಗುತ್ತದೆ, ಅಷ್ಟೇ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕಟಾವು, ಸಾಗಣೆಯ ಖರ್ಚು ಬಿಟ್ಟು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆ ಮೇಲೆ ಕೂತಾಗ, ಬಿಟ್ಟುಕೊಟ್ಟ ಆಯ್ಕೆಗೆ ತಕ್ಕ ಬೆಲೆಯನ್ನೇ ಅವರು ಕೇಳಿದ್ದು. ಹತ್ತಿರ ಹತ್ತಿರ 3,300ಕ್ಕೆ ಮಾತು ನಿಂತಿತು.

ನಿಯಮ ಇಲ್ಲದಿದ್ದರೆ ಎಲ್ಲರೂ ಸ್ವತಂತ್ರರೇ?

ಇಲ್ಲಿಯವರೆಗೆ ಓದಿದವರಿಗೆ ಸರ್ಕಾರ ಸುಮ್ನೆ ದೂರ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನಿಸಬಹುದು. ನಮ್ಮ ಜಿಲ್ಲೆಗಳ ಚರಿತ್ರೆ ಹಾಗೆ ಹೇಳುವುದಿಲ್ಲ.

1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ತುಂಬಾ ಪೆಟ್ಟು ತಿಂದ ಪ್ರದೇಶಗಳಲ್ಲಿ ಕಲಾದಗಿ ಜಿಲ್ಲೆ ಒಂದು. ಈಗಿನ ವಿಜಯಪುರ, ಬಾಗಲಕೋಟೆ ಆಗ ಅದೇ ಜಿಲ್ಲೆ. ವೈಸ್‌ರಾಯ್ ಲಿಟ್ಟನ್‌ನ ಸರ್ಕಾರ ಧಾನ್ಯ ವ್ಯಾಪಾರಕ್ಕೆ ಕೈ ಹಾಕುವುದಿಲ್ಲ ಎಂದು ಪಟ್ಟು ಹಿಡಿಯಿತು. ವ್ಯಾಪಾರಿ ತನಗೆ ಬೇಕಾದ ಬೆಲೆಗೆ, ಬೇಕಾದ ಕಡೆ ಮಾರಲು ಸ್ವತಂತ್ರ. ದೇಶದಿಂದ ಧಾನ್ಯ ಹೊರಗೆ ಹೋಗುವುದೂ ನಿಲ್ಲಲಿಲ್ಲ. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದು ಆಣೆಯ ಲೆಕ್ಕದಲ್ಲಿ ಕೂಲಿ ಗೊತ್ತು ಮಾಡಿದರು. ಆ ಧಾನ್ಯ ಅರ್ಧ ಕಿಲೋಗಿಂತ ಕಡಿಮೆ. ಸಂತೆಯಲ್ಲಿ ಜೋಳ ಇದ್ದರೂ ಕೊಳ್ಳುವ ಹಣ ಇಲ್ಲದೆ ಜನ ಸತ್ತರು. ಒಬ್ಬರ ವ್ಯಾಪಾರದ ಸ್ವಾತಂತ್ರ್ಯವನ್ನು ಇನ್ನೊಬ್ಬರ ಜೀವದ ಮೇಲೆ ಕೂರಿಸಿದ ಕಾಲ ಅದು.

ಆ ಬರಕ್ಕೆ ಇನ್ನೊಂದು ಮುಖವೂ ಇದೆ. ಸತ್ತವರಿಗೆ ಮತ ಇರಲಿಲ್ಲ, ಅವರ ಮಾತು ಬರೆಯುವ ಪತ್ರಿಕೆಗಳಿಗೂ ಬಲ ಇರಲಿಲ್ಲ. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಆಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಹೇಳಿದ್ದು ಇದೇ ಕಾರಣಕ್ಕೆ. ಏಳಿಗೆಗಾಗಿ ಜನ ಸ್ವಲ್ಪ ಬಾಯಿ ಮುಚ್ಚಿಕೊಂಡಿರಲಿ ಅನ್ನುವವರು ಈ ಮಾತನ್ನು ಎರಡು ಸಲ ಯೋಚಿಸಬೇಕು. ಬಾಯಿ ಮುಚ್ಚಿಸಿದ ಕಡೆ ಹೊಟ್ಟೆಯ ಸುದ್ದಿ ಮೇಲಿನವರಿಗೆ ಮುಟ್ಟುವುದೇ ಇಲ್ಲ.

ಇನ್ನು ಕಟ್ಟಳೆ ಅಂದರೆ ಸರ್ಕಾರದ್ದೇ ಆಗಬೇಕಿಲ್ಲ. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರಾಗಿ ಬಿಡುತ್ತಿದ್ದದ್ದು ಯಾವ ಸರ್ಕಾರದ ಆದೇಶವೂ ಆಗಿರಲಿಲ್ಲ. ಅದು ಊರಿನ, ಮನೆತನದ, ಜಾತಿಯ ಕಟ್ಟಳೆ. ಆ ಮಗುವನ್ನು ಯಾರೂ ಕೇಳಿರಲಿಲ್ಲ. 1934ರ ಮುಂಬೈ ಪ್ರಾಂತದ ಕಾನೂನು ಮತ್ತು 1982ರ ಕರ್ನಾಟಕದ ಕಾನೂನು ಇದನ್ನು ಅಪರಾಧ ಮಾಡಿದವು. ಹಾಗೆ ಬಿಟ್ಟ ಹೆಣ್ಣುಮಗಳ ಮದುವೆ ಕಾನೂನಿನ ಪ್ರಕಾರ ಸರಿಯಾದದ್ದೇ ಎಂದೂ ಹೇಳಿದವು. ಸರ್ಕಾರ ಒಂದು ಪದ್ಧತಿಯನ್ನು ನಿಷೇಧಿಸಿದ್ದರಿಂದ ಆ ಹುಡುಗಿಯ ಸ್ವಾತಂತ್ರ್ಯ ಹೆಚ್ಚಾಯಿತು.

ಬೋರ್‌ವೆಲ್ ಮಾತು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನೆಲದೊಡೆಯನೇ ನೆಲದಡಿಯ ನೀರಿಗೂ ಒಡೆಯ ಎಂಬ ಭಾವನೆ ಬೇರೂರಿದೆ. ಇಂಡಿಯ ನಿಂಬೆ ತೋಟದವರು, ತಿಕೋಟಾದ ದ್ರಾಕ್ಷಿ ತೋಟದವರು ಒಬ್ಬರಿಗಿಂತ ಒಬ್ಬರು ಆಳಕ್ಕೆ ಕೊರೆಸುತ್ತಾ ಹೋದರೆ ಯಾರ ಹಕ್ಕೂ ಕಾಗದದಲ್ಲಿ ಕಡಿಮೆ ಆಗುವುದಿಲ್ಲ, ನೀರು ಮಾತ್ರ ಯಾರಿಗೂ ಸಿಗುವುದಿಲ್ಲ. ಇಂಥ ಕಡೆ ಎಲ್ಲರ ಕೈಯನ್ನೂ ಒಂದೇ ಅಳತೆಯಲ್ಲಿ ಕಟ್ಟುವುದು ಎಲ್ಲರಿಗೂ ಲಾಭ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯ ಆಶಯ ಇದೇ.

ಹಿನ್ನೀರಿನಲ್ಲಿ ನಾಲ್ಕನೆಯ ಪ್ರಶ್ನೆ

ಎಲ್ಲಕ್ಕಿಂತ ಭಾರವಾದ ಲೆಕ್ಕ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರ್‌ಗೆ ಏರಿಸಬಹುದು ಅಂತ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಏರಿಸಿದರೆ ಬರದ ನಾಡಿನ ಲಕ್ಷಾಂತರ ಎಕರೆಗೆ ನೀರು ಸಿಗುತ್ತದೆ. ಬದಲಿಗೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ.

ಸುಪ್ರೀಂ ಕೋರ್ಟಿನ ಆ ಪರೀಕ್ಷೆಯ ಮೊದಲ ಮೂರು ಪ್ರಶ್ನೆ ಇಲ್ಲಿ ಸುಲಭವಾಗಿ ದಾಟುತ್ತವೆ. ಉದ್ದೇಶ ಒಳ್ಳೆಯದು. ಅಣೆಕಟ್ಟು ಎತ್ತರಿಸಿದರೆ ಅದು ಈಡೇರುತ್ತದೆ. ಅಷ್ಟು ನೀರು ಹಿಡಿದಿಡಲು ಬೇರೆ ಹಗುರ ದಾರಿಯೂ ಕಾಣುವುದಿಲ್ಲ. ನಾಲ್ಕನೆಯದು ಮಾತ್ರ ಅಷ್ಟು ಸುಲಭ ಅಲ್ಲ. ನೀರು ಕುಡಿಯುವ ಹೊಲ ಒಬ್ಬರದು, ನೀರೊಳಗೆ ಹೋಗುವ ಹೊಲ ಇನ್ನೊಬ್ಬರದು.

ಬಾಗಲಕೋಟೆ ಊರಿನವರು ಇದನ್ನು ಒಮ್ಮೆ ಅನುಭವಿಸಿದ್ದಾರೆ. ಹಳೇ ಊರಿನ ಓಣಿಗಳಲ್ಲಿ ಮನೆ, ಅಂಗಡಿ, ದೇವರ ಗುಡಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿಂದ ನವನಗರದ ಸೆಕ್ಟರುಗಳಿಗೆ ಬಂದಾಗ ಮನೆಗೆ ಸೈಟು ಸಿಕ್ಕಿತು, ಅಗಲವಾದ ರಸ್ತೆ ಸಿಕ್ಕಿತು. ಆದರೆ ಕೂಗಳತೆಯಲ್ಲಿ ಗಿರಾಕಿ ಇದ್ದ ದರ್ಜಿಗೆ ಹೊಸ ಸೆಕ್ಟರಿನಲ್ಲಿ ಹಳೇ ಗಿರಾಕಿಗಳು ಸಿಗುವುದಿಲ್ಲ. ಮನೆಗೆ ಬೆಲೆ ಕಟ್ಟುವ ಅಧಿಕಾರಿ ಗೋಡೆ ಅಳೆಯುತ್ತಾರೆ, ಬಾಗಿಲು ಕಿಟಕಿ ಎಣಿಸುತ್ತಾರೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಸಂತೆಗೆ ಹೋಗಿಬರುವ ಅನುಕೂಲಕ್ಕೆ ಆ ಪಟ್ಟಿಯಲ್ಲಿ ಸಾಲೇ ಇರುವುದಿಲ್ಲ. ಬಾಡಿಗೆಗೆ ಇದ್ದವರು, ಹೊಲ ಪಾಲಿಗೆ ಮಾಡುತ್ತಿದ್ದವರು, ಕೂಲಿಗೆ ಹೋಗುತ್ತಿದ್ದವರು 1894ರ ಹಳೇ ಭೂಸ್ವಾಧೀನ ಕಾಯ್ದೆಯ ಕಣ್ಣಿಗೆ ಹೆಚ್ಚಾಗಿ ಕಾಣುತ್ತಿರಲಿಲ್ಲ. ಅದರಲ್ಲಿ ಪುನರ್ವಸತಿಯ ಮಾತೇ ಇರಲಿಲ್ಲ.

2014ರ ಜನವರಿ 1ರಿಂದ ಜಾರಿಯಾದ ಹೊಸ ಕಾಯ್ದೆ ಇದನ್ನು ಸಾಕಷ್ಟು ತಿದ್ದಿತು. ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರಿಸಬೇಕು. ಮೂರು ವರ್ಷದಿಂದ ಆ ನೆಲವನ್ನೇ ನಂಬಿ ಬದುಕುತ್ತಿರುವ ಕೃಷಿ ಕೂಲಿಗಳು, ಗೇಣಿದಾರರು, ಪಾಲುದಾರರು, ಕಸುಬುದಾರರು ಕೂಡ ಬಾಧಿತ ಕುಟುಂಬಗಳೇ. 2024ರಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಹಣ ಕೊಟ್ಟ ಮಾತ್ರಕ್ಕೆ 300ಎ ವಿಧಿಯ ಪ್ರಕಾರ ನಡೆದಂತಾಗಲಿಲ್ಲ. ನೋಟಿಸ್ ಕೊಡಬೇಕು, ಆಕ್ಷೇಪ ಕೇಳಬೇಕು, ಕಾರಣ ಕೊಟ್ಟು ತೀರ್ಮಾನಿಸಬೇಕು, ತಡ ಮಾಡದೆ ಮುಗಿಸಬೇಕು.

ಆ ತಡವೇ ನಮ್ಮ ಕಡೆಯ ದೊಡ್ಡ ಗಾಯ. ಮುಳುಗಡೆ ಪಟ್ಟಿಯಲ್ಲಿ ಹೆಸರು ಬಂದ ಊರಿನಲ್ಲಿ ಮನೆ ಕಟ್ಟಲು ಯಾರೂ ಮುಂದೆ ಬರುವುದಿಲ್ಲ. ಹೊಲಕ್ಕೆ ಪೈಪ್‌ಲೈನ್ ಹಾಕಿಸಲು ಮನಸ್ಸು ಬರುವುದಿಲ್ಲ. ಮಾರಲು ಹೋದರೆ ಕೊಳ್ಳುವವರಿಲ್ಲ. ನೆಲ ಇನ್ನೂ ಅವರ ಹೆಸರಿನಲ್ಲೇ ಇದೆ, ಸ್ವಾತಂತ್ರ್ಯ ಮಾತ್ರ ಎಂದೋ ಹೋಗಿದೆ. ಹೀಗೆ ಕಾದ ವರ್ಷಗಳಿಗೆ ಪರಿಹಾರದ ಪಟ್ಟಿಯಲ್ಲಿ ಸರಿಯಾದ ಬೆಲೆ ಸಿಗುವುದಿಲ್ಲ. ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹಿನ್ನೀರಿಗೆ ಹೋಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಕೊಡಲು ಒಪ್ಪಿತು. ದೊಡ್ಡ ಮೊತ್ತವೇ. ಆದರೆ ಎಕರೆ ಇಲ್ಲದವರ ಹೆಸರು ಆ ಸಾಲಿನಲ್ಲಿ ಇಲ್ಲ. ಪಾಲಿಗೆ ಹೊಲ ಮಾಡುವವರು, ಕುರಿ ಮೇಯಿಸುವವರು, ಹಿಟ್ಟಿನ ಗಿರಣಿ ಇಟ್ಟವರು ತಮ್ಮ ಊರಿನ ಬಾಧಿತ ಕುಟುಂಬಗಳ ಪಟ್ಟಿ ತಯಾರಾಗುವಾಗಲೇ ಹೋಗಿ ಹೆಸರು ಬರೆಸಬೇಕು, ಬಿಟ್ಟಿದ್ದರೆ ಲಿಖಿತವಾಗಿ ಆಕ್ಷೇಪ ಕೊಟ್ಟು ಸ್ವೀಕೃತಿ ಪಡೆಯಬೇಕು. ಎಲ್ಲರೂ ತಿಳಿದಿರಬೇಕಾದ ಇನ್ನೊಂದು ಮಾತು ಆ ಹೊಸ ಭೂಸ್ವಾಧೀನ ಕಾಯ್ದೆಯ 38ನೇ ಕಲಂನಲ್ಲಿದೆ. ಪೂರ್ತಿ ಪರಿಹಾರ ಕೊಡದೆ ಜಮೀನು ವಶಕ್ಕೆ ತೆಗೆದುಕೊಳ್ಳುವಂತಿಲ್ಲ. ನೀರಾವರಿ ಯೋಜನೆಯಾದರೆ, ಮುಳುಗಡೆಗೆ ಆರು ತಿಂಗಳು ಮೊದಲೇ ಪುನರ್ವಸತಿ ಮುಗಿದಿರಬೇಕು. ಗೇಟು ಏರಿಸುವ ದಿನಾಂಕದ ಚರ್ಚೆ ಊರಿಗೆ ಬಂದಾಗ ಮೊದಲು ಕೇಳಬೇಕಾದದ್ದು ಆ ಆರು ತಿಂಗಳ ಲೆಕ್ಕವನ್ನು.